ಅನ್ಯಗ್ರಹದ ದೊಡ್ಡವರು

ವಾರಕ್ಕೊಮ್ಮೆ ನಮ್ಮ ಮನೆಯಿಂದ ಒಂದು ಸ್ಟೀಲ್ ಡಬ್ಬಿ ಅನ್ಯಗ್ರಹಕ್ಕೆ ಪ್ರಯಾಣ ಹೊರಡುತ್ತದೆ. ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಅದರ ಮೇಲೆ ಶೇಂಗಾ ಚಟ್ನಿಯ ಪೊಟ್ಟಣ, ಸಂದಿಯಲ್ಲಿ ತುರುಕಿದ ಉಂಡಿಗಳು, ಮುಚ್ಚಳ ಬಿಚ್ಚಿಕೊಳ್ಳದಿರಲೆಂದು ಹಳೆಯ ಸೀರೆಯ ಅಂಚಿನಿಂದ ಬಿಗಿದ ಗಂಟು. ದಾಂಡೇಲಿಯ ಬಸ್‌ಸ್ಟ್ಯಾಂಡಿನಲ್ಲಿ ಕುಂಬಾರವಾಡದ ಬಸ್ಸಿನ ಕಂಡಕ್ಟರನ ಕೈಗೆ ಅದನ್ನು ಒಪ್ಪಿಸಿ, ಬಸ್ಸು ತಿರುವು ದಾಟುವವರೆಗೂ ನೋಡುತ್ತ ನಿಲ್ಲುವುದು ನನ್ನ ರೂಢಿ. ಜೋಯಿಡಾ ದಾಟಿದ ಮೇಲೆ ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಆಮೇಲೆ ಡಬ್ಬಿ ಏನಾಯಿತು, ಅದರಲ್ಲಿದ್ದುದನ್ನು ತಿನ್ನಬೇಕಾದ ನನ್ನ ಮಗಳು ಏನಾದಳು ಎಂಬುದು ಮರುದಿನದ ಬಸ್ಸು ಖಾಲಿ ಡಬ್ಬಿಯನ್ನು ಹೊತ್ತು ತರುವವರೆಗೂ ನನಗೆ ತಿಳಿಯುವುದಿಲ್ಲ.

ಕುಂಬಾರವಾಡವನ್ನು ಅನ್ಯಗ್ರಹ ಎಂದಿದ್ದಕ್ಕೆ ಅಲ್ಲಿಯವರು ಮುನಿಸಿಕೊಳ್ಳಬಾರದು. ಅದು ನನ್ನ ಕಸುಬಿನ ದೋಷ. ಹಗಲು ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವ ನಾನು, ಬಿಡುವಿನಲ್ಲಿ ಕಿರುಕಾದಂಬರಿ ಬರೆಯುತ್ತೇನೆ, ಮತ್ತು ಆ ಕಾದಂಬರಿಗಳೆಲ್ಲ ಬೆಳಕು ಕಡಿಮೆಯಿರುವ ಯಾವುದೋ ಗ್ರಹದ ಮೇಲೆ ನಡೆಯುತ್ತವೆ. ಒಂದು ನೌಕೆ ಇಳಿಯುತ್ತದೆ. ಇಳಿದವರು ಉತ್ಸಾಹದಿಂದ ಮಣ್ಣು ಮುಟ್ಟುತ್ತಾರೆ, ಕಲ್ಲು ಆರಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಹೋಗುತ್ತಾರೆ. ಕೊನೆಗೆ ಉಳಿಯುವುದು ಯಾರದೋ ಹೆಲ್ಮೆಟ್ಟಿನೊಳಗಿನ ಉಸಿರಿನ ಸದ್ದು, ಅದೂ ಕೊನೆಯ ಪುಟದವರೆಗೆ ಮಾತ್ರ. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮಾಡುವ ನಮ್ಮನೆಯವರು ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ನಾ ಕಾಗದ ಮಾಡ್ತೇನಿ, ನೀ ಅದರ ಮ್ಯಾಲ ಹೆಣ ಮಲಗಸ್ತಿ.”

ಓದುಗರು ಬೆರಳೆಣಿಕೆಯಷ್ಟು. ನನ್ನ ಮೊದಲ ಪುಸ್ತಕದ ಹೆಸರಿನಲ್ಲಿ ‘ಅನ್ಯಗ್ರಹ’ ಎಂಬ ಪದವಿತ್ತು. ಅಕ್ಷರ ಜೋಡಿಸಿದವರು ಅದನ್ನು ‘ಅನ್ಯಗೃಹ’ ಎಂದು ಮಾಡಿದರು, ಕರಡು ತಿದ್ದಿದವರೂ ಹಾಗೇ ಬಿಟ್ಟರು, ಮುಖಪುಟವೂ ಹಾಗೇ ಅಚ್ಚಾಯಿತು. ಶಾಲೆಯಲ್ಲಿ ‘ಗ್ರ’ಕ್ಕೂ ‘ಗೃ’ಕ್ಕೂ ಇರುವ ಭೇದವನ್ನು ಗಂಟಲು ಹರಿದುಕೊಂಡು ಹೇಳುವ ಕನ್ನಡ ಟೀಚರ ಪುಸ್ತಕಕ್ಕೇ ಈ ಗ್ರಹಚಾರ. ಹಳಿಯಾಳದ ಪರಿಚಯದವರೊಬ್ಬರು ಅದನ್ನು ಅತ್ತೆ-ಸೊಸೆಯ ಕಥೆಯೆಂದು ತಿಳಿದು ಓದಿ, “ಕಡೀತನಕ ನೋಡಿದೆ, ಅತ್ತಿ ಬರಲೇ ಇಲ್ಲಲ್ರಿ” ಎಂದು ಬೇಸರಪಟ್ಟರು. ನಕ್ಕುಬಿಟ್ಟೆ. ನಾವು ಭಯದಿಂದ ಇಣುಕುವ ಗ್ರಹವೆಲ್ಲ ಮತ್ತೊಬ್ಬರಿಗೆ ಗೃಹವೇ ಇರಬಹುದಲ್ಲ ಎಂದು ಆಮೇಲೆ ಅನ್ನಿಸಿತು, ಆದರೆ ಅಂಥ ಆಲೋಚನೆ ಹೆಣಗಳ ಕಥೆಗೆ ಒದಗುವುದಿಲ್ಲವೆಂದು ಬದಿಗೆ ಸರಿಸಿದೆ.

ಇಂಥ ಕತ್ತಲ ಕಥೆಗಳ ಹುಚ್ಚು ಎಲ್ಲಿಂದ ಬಂತೆಂದು ಕೇಳಿದರೆ, ಧಾರವಾಡದ ಕಡೆಯಿಂದ ಮದುವೆಯಾಗಿ ಮೊದಲ ಸಲ ದಾಂಡೇಲಿಗೆ ಬಂದಿಳಿದ ದಿನವನ್ನು ತೋರಿಸಬೇಕಾಗುತ್ತದೆ. ಬಸ್ಸಿನಿಂದ ಕಾಲು ಕೆಳಗಿಟ್ಟವಳಿಗೆ ಕಾರ್ಖಾನೆಯ ವಾಸನೆ ಮುಖಕ್ಕೆ ಬಡಿದು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. “ಏನ್ ವಾಸನಿ?” ಎಂದು ಕೇಳಿದ ಅತ್ತೆಯವರ ಮುಖದಲ್ಲಿದ್ದದ್ದು ನಿಜವಾದ ಅಚ್ಚರಿ. ಈಗ ನಮ್ಮ ಮನೆಗೆ ಬಂದ ನೆಂಟರು ಮೂಗು ಮುಚ್ಚಿದರೆ ನಾನೂ ಅದೇ ಅಚ್ಚರಿಯಿಂದ ಅದೇ ಪ್ರಶ್ನೆ ಕೇಳುತ್ತೇನೆ. ಯಾವ ಗಾಳಿ ವಿಷ, ಯಾವ ಗಾಳಿ ಉಸಿರು ಎಂಬುದು ಅಲ್ಲಿ ಎಷ್ಟು ದಿನ ಇದ್ದೆವು ಎಂಬುದರ ಮೇಲಿದೆ. ಇಷ್ಟು ತಿಳಿದೂ ನಾನು ನನ್ನ ಪಾತ್ರಗಳಿಗೆ ಒಗ್ಗಿಕೊಳ್ಳುವಷ್ಟು ದಿನ ಕೊಡುವುದಿಲ್ಲ. ಅವರು ಅದಕ್ಕಿಂತ ಮೊದಲೇ ಸಾಯಬೇಕು.

ಮಗಳು ಹುಟ್ಟಿದಾಗ ಆಕಾಶದ ಕಡೆ ಕಣ್ಣಿಟ್ಟು ರೋಹಿಣಿ ಎಂದು ಹೆಸರಿಟ್ಟೆ. ಅತ್ತೆಯವರು ಮಳೆಯ ಕಡೆ ಕಣ್ಣಿಟ್ಟು, “ರೋಹಿಣಿ ಮಳಿಗೆ ಓಣಿಯೆಲ್ಲಾ ಜೋಳ” ಎಂದು ಒಪ್ಪಿದರು. ಆಕೆ ಮಾತ್ರ ಆಕಾಶವನ್ನೂ ಬಿಟ್ಟು, ಜೋಳವನ್ನೂ ಬಿಟ್ಟು ಕಾಡಿನ ಕಡೆ ಕಣ್ಣಿಟ್ಟಳು. ಈಗ ಕುಂಬಾರವಾಡದ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದಾಳೆ. ಖಾಕಿ ತೊಟ್ಟು, ಕೈಯಲ್ಲಿ ಒಂದು ಕೋಲು ಹಿಡಿದು, ಹೆಚ್ಚೆಂದರೆ ಒಬ್ಬ ವಾಚರನನ್ನು ಜೊತೆಗೆ ಕರೆದುಕೊಂಡು, ಹುಲಿ ಓಡಾಡುವ ದಾರಿಯಲ್ಲಿ ದಿನವೂ ನಡೆಯುತ್ತಾಳೆ. ಓದುಗ ಮಿತ್ರರೇ, ಒಬ್ಬ ತಾಯಿಯ ಎದೆ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ; ಆದರೆ ಆ ತಾಯಿ ನನ್ನಂಥ ಕಥೆ ಬರೆಯುವವಳಾಗಿದ್ದರೆ ಎಂಬುದನ್ನು ಮಾತ್ರ ಸ್ವಲ್ಪ ಕೂಡಿಸಿಕೊಳ್ಳಿ. ಹಳಿಯಾಳದ ಕಟ್ಟಿಗೆ ಡಿಪೋದಲ್ಲಿ ಕುಳಿತು ಮಾಡುವ ಕೆಲಸವೊಂದು ಖಾಲಿಯಿದೆಯೆಂದು ತಿಳಿದ ದಿನದಿಂದ ನನಗಿದ್ದದ್ದು ಒಂದೇ ಆಸೆ. ಅವಳು ಅದನ್ನು ಕೇಳಿಕೊಳ್ಳಬೇಕು, ಕಾಡು ಬಿಟ್ಟು ಬರಬೇಕು. ಆ ಮಾತು ತೆಗೆದಾಗಲೆಲ್ಲ ಅವಳು, “ಅಲ್ಲಿ ಕಟಗಿ ಸತ್ತು ಬಿದ್ದಿರ್ತಾವ ಅವ್ವಾ” ಎಂದು ಜಾರಿಕೊಳ್ಳುತ್ತಿದ್ದಳು.

ಅಂದಹಾಗೆ, ಹುಲಿ ಎಂದು ನಾನು ಇಲ್ಲಿ ಧಾರಾಳವಾಗಿ ಬರೆಯುತ್ತಿದ್ದೇನೆ. ರೋಹಿಣಿ ಬಾಡಿಗೆಗಿರುವ ಕೇರಿಯಲ್ಲಿ ಆ ಹೆಸರು ಬಾಯಿಗೆ ತರುವುದಿಲ್ಲ. ಕಾಡಿನೊಳಗೆ ನಿಂತು ಹೆಸರು ಹಿಡಿದು ಕರೆದರೆ ಕರೆದಂತೆಯೇ ಲೆಕ್ಕ, ಬಂದುಬಿಟ್ಟರೆ? ಅದಕ್ಕೇ ‘ದೊಡ್ಡವರು’ ಎನ್ನುತ್ತಾರೆ. ದೊಡ್ಡವರು ನಿನ್ನೆ ಹಳ್ಳ ದಾಟಿದರು, ದೊಡ್ಡವರು ಆಕಳನ್ನು ಒಯ್ದರು. ಗೆಳತಿಯರ ಮುಂದೆ ಗಂಡನ ಹೆಸರು ಹೇಳಲು ನಾಚುತ್ತಿದ್ದ ನಮ್ಮ ಅಜ್ಜಿಯಂದಿರ ಮರ್ಯಾದೆಯೇ ಇಲ್ಲಿ ಹುಲಿಗೂ ಸಿಕ್ಕಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರೋಹಿಣಿ ಇದನ್ನು ನನಗೆ ಹೇಳಿ ನಕ್ಕಿದ್ದಳು. ಆಮೇಲೆ ಅವಳೂ ಹುಲಿ ಎನ್ನುವುದನ್ನು ಬಿಟ್ಟಳು. ಬಿಟ್ಟದ್ದು ನನ್ನ ಕಿವಿಗೆ ಬಿದ್ದಿತ್ತು, ಆದರೆ ಯಾಕೆಂದು ಕೇಳಲು ಧೈರ್ಯವಾಗಿರಲಿಲ್ಲ.

ನನ್ನ ಹಸ್ತಪ್ರತಿಗಳನ್ನು ಮೊದಲು ಓದುವವರು ನಮ್ಮ ಶಾಲೆಯಲ್ಲಿ ಗಣಿತ ಕಲಿಸುವ, ಇಲ್ಲಿಯ ಎಲ್ಲ ಶಿಕ್ಷಕಿಯರ ಹಾಗೆ ‘ಬಾಯಾರು’ ಎನಿಸಿಕೊಳ್ಳುವ ಜೂಲಿಯಾನಾ ಬಾಯಾರು. ಹಳಿಯಾಳದ ಹತ್ತಿರದ ಹಳ್ಳಿಯ, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಇಲ್ಲಿಯವರೇ ಆದ ಸಿದ್ದಿ ಮನೆತನದವರು, ನನ್ನ ಓರಗೆಯವರು, ನನ್ನ ವಾಕ್ಯಗಳಲ್ಲಿ ಸತ್ತವರ ಲೆಕ್ಕ ತಪ್ಪಿದರೆ ಹಿಡಿಯುವವರು. ಒಮ್ಮೆ ನನ್ನ ಕಾದಂಬರಿಯೊಂದನ್ನು ಓದಿ ಮುಗಿಸಿ, ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಹೇಳಿದರು: “ಇಳದು ಬಂದಾವ್ರ ಅಂಜಿಕೀನ ಭಾಳ ಚಂದ ಬರದೀರಿ. ಅಲ್ಲೇ ಹುಟ್ಟಿದಾವ್ರಿಗೆ ಏನ್ ಅನಸ್ತೈತಿ ಅಂತ ಯಾರರೆ ಕೇಳೂದ ಬ್ಯಾಡೇನ್ರಿ? ರೈಲಿನಾಗ ಜನಾ ನನ್ನ ನೋಡಿ ಯಾವ ದೇಶಾರಿ ಅಂತ ಇಂಗ್ಲಿಷಿನಾಗ ಕೇಳ್ತಾರ. ಹಳಿಯಾಳ್ರಿ ಅಂತೇನಿ. ಅದೆಲ್ಲಿ ಬರ್ತೈತಿ ಅಂತ ಮತ್ತ ಕೇಳ್ತಾರ.” ಅವರು ನಗುತ್ತಲೇ ಹೇಳಿದರು, ಆ ನಗುವಿನಲ್ಲಿ ಸಿಟ್ಟೂ ಇತ್ತು. ಗ್ರಹಗಳಲ್ಲೆಲ್ಲ ಅತ್ಯಂತ ಹಳೆಯದು ಪೂರ್ವಗ್ರಹ ಎಂದು ನಾನು ಚಮತ್ಕಾರದ ಮಾತಾಡಿದೆ. ಅವರು ಅದಕ್ಕೆ ನಗಲಿಲ್ಲ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಗದ್ದೆಗಳು ಹಳದಿಗೆ ತಿರುಗುತ್ತಿದ್ದ ಕಾಲ. ಬೆಳಗಿನ ಶಾಲೆ ಮುಗಿಸಿ ನಾನೂ ಜೂಲಿಯಾನಾ ಬಾಯಾರೂ ಬಸ್‌ಸ್ಟ್ಯಾಂಡಿಗೆ ಬಂದಿದ್ದೆವು. ಅವರು ಊರಿಗೆ ಹೋಗಲು, ನಾನು ರಜೆಯ ಮೇಲೆ ಬರಲಿದ್ದ ರೋಹಿಣಿಯನ್ನು ಎದುರುಗೊಳ್ಳಲು. ಕುಂಬಾರವಾಡದ ಬಸ್ಸು ಬಂತು. ಮೂಟೆಗಳು ಇಳಿದವು, ಕೋಳಿಗಳು ಇಳಿದವು, ಮುದುಕರು ಇಳಿದರು, ನನ್ನ ಮಗಳು ಇಳಿಯಲಿಲ್ಲ. ಕಂಡಕ್ಟರ್ ನನ್ನನ್ನು ನೋಡಿ ದೂರದಿಂದಲೇ ಕೂಗಿದ: “ಬಾಯಾರ, ನಿಮ್ಮ ಮಗಳು ಇವತ್ತ ಬರಾಂಗಿಲ್ಲಂತ್ರಿ. ದೊಡ್ಡಾವ್ರು ಬಂದಾರಂತ. ಎಲ್ಲಾರೂ ಕಾಡಿನಾಗ ಹೋಗ್ಯಾರಂತ.” ಹೇಳಿದವನೇ ಚಹಾದಂಗಡಿಯ ಕಡೆ ನಡೆದ.

ಯಾರು ಹೇಳಿದರು, ಯಾವಾಗ, ಏನಾಯಿತು ಎಂದು ಅವನ ಬೆನ್ನು ಹತ್ತಿ ಕೇಳಬಹುದಿತ್ತು. ಕೇಳಬೇಕೆಂದರೆ ಆ ಹೆಸರನ್ನು ಆಡಬೇಕಿತ್ತು. ಹುಲಿ ಎಂಬ ಎರಡಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತು. ಆಡಿದರೆ ನಿಜವಾದೀತೆಂದು ನುಂಗಿಕೊಂಡೆ. ವಿಜ್ಞಾನದ ಕಥೆ ಬರೆಯುವವಳೆಂದು ಊರಲ್ಲಿ ಹೆಸರು ಮಾಡಿದ ನಾನು ಆ ಗಳಿಗೆಯಲ್ಲಿ ಪಕ್ಕಾ ಕುಂಬಾರವಾಡದವಳಾದೆ. ಮನೆಯವರು ಪಾಳಿಯಲ್ಲಿದ್ದರು, ಫೋನು ಎತ್ತಲಿಲ್ಲ. ರೋಹಿಣಿಯ ಫೋನಂತೂ ಎಂದಿನ ಹಾಗೆ ವ್ಯಾಪ್ತಿ ಪ್ರದೇಶದ ಹೊರಗಿತ್ತು. ಅದೇ ಬಸ್ಸು ಚಹಾ ಮುಗಿದ ಮೇಲೆ ಕುಂಬಾರವಾಡಕ್ಕೆ ರಾತ್ರಿಯ ವಸ್ತಿಗೆ ಮರಳುವುದಿತ್ತು. ನಾನು ಹತ್ತಿ ಕುಳಿತೆ. ಜೂಲಿಯಾನಾ ಬಾಯಾರು ಒಂದು ಕ್ಷಣ ನನ್ನ ಮುಖ ನೋಡಿ, ತಮ್ಮೂರಿನ ಬಸ್ಸನ್ನು ಬಿಟ್ಟು ಪಕ್ಕದಲ್ಲಿ ಬಂದು ಕುಳಿತರು. “ಒಬ್ಬಾಕಿನ ಹೋದ್ರ ಏನಾಗ್ತೈತಿ ಅಂತ ನಿಮ್ಮ ಕಥ್ಯಾಗ ಓದೇನಿ” ಎಂದರು.

ಆ ಪ್ರಯಾಣದಲ್ಲಿ ನನ್ನ ಕಾದಂಬರಿಗಳು ನನ್ನ ಮೇಲೆ ಸೇಡು ತೀರಿಸಿಕೊಂಡವು. ನನ್ನ ಕಥೆಗಳಲ್ಲಿ ಸುದ್ದಿ ಯಾವಾಗಲೂ ತುಂಡಾಗಿ ಬರುತ್ತದೆ, ಅರ್ಧ ವಾಕ್ಯದಲ್ಲಿ ರೇಡಿಯೋ ನಿಲ್ಲುತ್ತದೆ. ಕಂಡಕ್ಟರನ ಮಾತೂ ಹಾಗೇ ಇತ್ತಲ್ಲ. ನನ್ನ ಕಥೆಗಳಲ್ಲಿ ಮೊದಲು ಸಾಯುವುದು ಗುಂಪಿನ ಎಲ್ಲರಿಗಿಂತ ಕಿರಿಯಳು, ಯಾಕೆಂದರೆ ಓದುವವರಿಗೆ ಅದು ಹೆಚ್ಚು ನೋಯುತ್ತದೆ. ಇದನ್ನು ಕಲೆ ಎಂದುಕೊಂಡಿದ್ದೆ. ಕಿಟಕಿಯಾಚೆ ಬಿದಿರ ಮೆಳೆಗಳು ಒಂದರ ಹಿಂದೊಂದು ಸರಿಯುತ್ತಿದ್ದವು, ಪ್ರತಿ ಮೆಳೆಯ ಹಿಂದೆ ನಾನೇ ಬರೆದ ವಾಕ್ಯವೊಂದು ಹೊಂಚು ಹಾಕಿತ್ತು. ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ಎಷ್ಟು ತರಗತಿಗಳಿಗೆ ಬಿಡಿಸಿ ಹೇಳಿದ್ದೇನೋ. ಆ ಘಟ್ಟದ ರಸ್ತೆಯ ಅಂಚಿನಲ್ಲಿ ಬಸ್ಸು ವಾಲಿದಾಗ ಗಾದೆಯ ಅರ್ಥ ಹೊಟ್ಟೆಯೊಳಗೆ ಇಳಿಯಿತು. ಜೂಲಿಯಾನಾ ಬಾಯಾರು ನನ್ನ ಕೈ ಹಿಡಿದುಕೊಂಡಿದ್ದರು, ಜೋಯಿಡಾದಲ್ಲಿ ನೀರಿನ ಬಾಟಲಿ ಕೊಳ್ಳಲು ಮಾತ್ರ ಬಿಟ್ಟರು.

ಕುಂಬಾರವಾಡದಲ್ಲಿ ಇಳಿದಾಗ ಬಿಸಿಲು ಗದ್ದೆಯ ಆಚೆಗೆ ಸರಿದಿತ್ತು. ರೋಹಿಣಿಯ ಕೋಣೆಗೆ ಬೀಗ. ಅಂಗಳದಲ್ಲಿ ಮನೆಯ ಒಡತಿ ಸಾವಿತ್ರಿ ಪಾತ್ರೆ ತಿಕ್ಕುತ್ತಿದ್ದರು. ಮನೆಮಾತು ಕೊಂಕಣಿ, ನಮ್ಮೊಡನೆ ಕನ್ನಡ, ಮಗಳು ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಓಡಿದಂತೆ ಹೋಗಿ, ದೊಡ್ಡವರು ಬಂದಿದ್ದು ನಿಜವೇ ಎಂದು ಕೇಳಿದೆ.

“ಹೋಯ್ ಹೋಯ್, ಬಂದಾರ” ಎಂದರು ಮಾವಶಿ ತಲೆಯೆತ್ತದೆ. “ನಮ್ಮ ಕೋಳಿ ತಿಂದ್ರು. ಆಮ್ಯಾಲ ಕಾಡಿನಾಗ ಹೋದ್ರು. ರೋಹಿಣಿನ್ನೂ ತಗೊಂಡು ಹೋದ್ರು.”

ತೆಂಗಿನ ಮರದ ಬುಡ ಹಿಡಿದು ನಿಂತೆ. ಅಷ್ಟರಲ್ಲಿ ಜೂಲಿಯಾನಾ ಬಾಯಾರು, ಪರೀಕ್ಷೆಯ ಲೆಕ್ಕದಲ್ಲಿ ಎಲ್ಲೋ ಒಂದು ಹೆಜ್ಜೆ ಬಿಟ್ಟುಹೋದಂತೆ ಹುಬ್ಬು ಗಂಟಿಕ್ಕಿ ಕೇಳಿದರು: “ಕೋಳಿ ಹೆಂಗ ತಿಂದ್ರು ಮಾವಶಿ?”

“ಹೆಂಗ ಅಂದ್ರ? ಸಾರು ಮಾಡಿದ್ದೆ. ಭಾಕರಿ ಕೂಡ ತಿಂದ್ರು. ಭಾಳ ಚಲೋ ಐತಿ ಅಂದ್ರು.” ಮಾವಶಿ ಈಗ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು. “ದೊಡ್ಡ ಸಾಯೇಬ್ರು. ಜೀಪಿನಾಗ ಬಂದಾರಲ್ಲ.”

ಮೇಲಧಿಕಾರಿಯೊಬ್ಬರು ಹೇಳದೆ ಕೇಳದೆ ತಪಾಸಣೆಗೆ ಬಂದಿದ್ದರು, ಅಷ್ಟೇ. ರಜೆ ರದ್ದಾದ ರೋಹಿಣಿ ಬಸ್ಸಿಗೆ ಕಾದಿದ್ದವರ ಮೂಲಕ ಸುದ್ದಿ ಹೇಳಿ ಕಳಿಸಿದ್ದಳು. ನಾನು ಅಂಗಳದ ಕಟ್ಟೆಯ ಮೇಲೆ ಕುಸಿದು ಕುಳಿತು ನಗಲು ಹೋದೆ, ಅಳು ಬಂತು. ವಿಷಯ ತಿಳಿದ ಮಾವಶಿ, ಸಾಹೇಬರನ್ನೂ ಹುಲಿಯನ್ನೂ ದೊಡ್ಡವರೆಂದೇ ಕರೆಯುವುದರಿಂದ ತಮಗೂ ಗೊಂದಲವಾಗುವುದುಂಟೆಂದು ಸಮಾಧಾನ ಹೇಳಿದರು: “ಇಬ್ರೂ ಹೇಳದ ಬರ್ತಾರ. ಬಂದಾಗ ಎಲ್ಲಾರೂ ಎದ್ದು ನಿಂದರಬೇಕು.” ನನಗೂ ಜೂಲಿಯಾನಾ ಬಾಯಾರಿಗೂ ಉಳಿದ ಸಾರು ಬಿಸಿ ಮಾಡಿ ಕೊಟ್ಟರು. ಅಷ್ಟು ರುಚಿಯಾದ ಸಾರನ್ನು ನಾನು ಎಂದೂ ಉಂಡಿಲ್ಲ. ಭಯ ಬಿಟ್ಟುಹೋದ ಹೊಟ್ಟೆಗೆ ಹಸಿವು ಎಷ್ಟು ಬೇಗ ಮರಳುತ್ತದೆ!

ಸಂಜೆ ಜೀಪು ರೋಹಿಣಿಯನ್ನು ಇಳಿಸಿ ಹೋಯಿತು. ಬೂಟು ತುಂಬ ಕೆಸರು, ಕುತ್ತಿಗೆಯ ಮೇಲೆ ಉಂಬಳ ಕಚ್ಚಿದ ಗುರುತು. ನನ್ನನ್ನು ಕಂಡು ಗಾಬರಿಯಾದಳು, ಅಪ್ಪನಿಗೇನಾದರೂ ಆಯಿತೇ ಎಂದು ಕೇಳಿದಳು. ಕಥೆ ಕೇಳಿ ಮಾವಶಿಯ ಜೊತೆ ಸೇರಿಕೊಂಡು ನಕ್ಕಳು. ಆಮೇಲೆ ಜೂಲಿಯಾನಾ ಬಾಯಾರು ಮಾವಶಿಯೊಡನೆ ಒಳಗೆ ಒಲೆಯ ಬಳಿ ಮಾತಿಗೆ ಕುಳಿತಾಗ, ನಾವಿಬ್ಬರೇ ಹೊರಗಿನ ಕಟ್ಟೆಯ ಮೇಲೆ ಉಳಿದೆವು. ಇದೇ ಸಮಯವೆಂದು ನಾನು ಡಿಪೋದ ಮಾತು ತೆಗೆದೆ. ಇವತ್ತು ಹೀಗಾಯಿತು, ನಾಳೆ ನಿಜವಾಗಿಯೂ ದೊಡ್ಡವರೇ ಬಂದರೆ ಎಂದೆ.

ಅವಳು ಬೂಟಿನ ದಾರ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. “ಬಂದಿದ್ರು, ಅವ್ವಾ.”

ಹಿಂದಿನ ವಾರ. ಹಳ್ಳದ ದಡದ ಕಾಲುದಾರಿ. ವಾಚರ್ ತುಸು ಹಿಂದೆ ಉಳಿದಿದ್ದ. ತಿರುವಿನಲ್ಲಿ ದಾರಿಯ ನಡುವೆಯೇ ಮಲಗಿತ್ತಂತೆ. “ಕಾಲು ಎತ್ತಿ ಇಡಾಕ ಬರಲಿಲ್ಲ. ಉಚ್ಚಿ ಹೋಗಿಬಿಡ್ತೈತೇನೋ ಅನಸ್ತು. ನನ್ನ ನೋಡ್ತು, ಅವ್ವಾ. ನೋಡಿ ಆಕಳಸ್ತು. ಆಮ್ಯಾಲ ಎದ್ದು, ಮೈ ಮುರದು, ಹಳ್ಳಕ್ಕ ಇಳದು ಹೋತು. ನಾ ಯಾರೂ ಅಲ್ಲ ಅನ್ನೂವಂಗ.”

ಆ ವಾರವೂ ಡಬ್ಬಿ ಖಾಲಿಯಾಗಿ ಮರಳಿತ್ತು. ಎಲ್ಲಾ ಆರಾಮ ಎಂದು ಕಂಡಕ್ಟರ್ ಹೇಳಿದ್ದ. ನಾನು ನಿಶ್ಚಿಂತೆಯಿಂದ ಕುಳಿತು ನನ್ನ ಗ್ರಹದ ಗುಹೆಯೊಂದನ್ನು ವರ್ಣಿಸಿದ್ದೆ. ಸುಳ್ಳು ಹುಲಿಗೆ ಇಷ್ಟು ದೂರ ಓಡಿಬಂದವಳಿಗೆ ನಿಜವಾದ ಹುಲಿ ಬಂದುಹೋದದ್ದೇ ಗೊತ್ತಿರಲಿಲ್ಲ.

“ನನಗ ಯಾಕ ಹೇಳಲಿಲ್ಲ?” ಎಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

“ನಿನಗ ಹೆಂಗ ಹೇಳ್ಲಿ? ನಿನ್ನ ಕಥ್ಯಾಗ ಒಬ್ರರೆ ಹೊಳ್ಳಿ ಬಂದಾರೇನು? ನಾ ಹೊಳ್ಳಿ ಬಂದೇನಿ ಅಂದ್ರೂ ನೀ ನಂಬಾಂಗಿಲ್ಲ. ಅವತ್ತಿಂದ ನಾ ದಿನಾ ಸಾಯೂದನ್ನ ಕುಂತು ನೋಡ್ತಿ.” ಬೂಟಿನ ದಾರಕ್ಕೆ ಮತ್ತೆ ಕೈ ಹಾಕುತ್ತ ಹೇಳಿದಳು, “ನನಗೂ ಭಾಳ ಅಂಜಿಕಿ ಆಗಿತ್ತವ್ವಾ. ಯಾರಿಗರೆ ಹೇಳಬೇಕಿತ್ತು.”

ಅವಳ ಕೆಲಸದ ಅಪಾಯ ನನಗೆ ಗೊತ್ತಿತ್ತು, ಅದಕ್ಕೆ ನಿದ್ದೆಗೆಟ್ಟಿದ್ದೆ, ದೇವರಿಗೆ ಕೈಮುಗಿದಿದ್ದೆ, ಡಿಪೋದ ದಾರಿ ಹುಡುಕಿದ್ದೆ. ಆದರೆ ಅವಳು ಅಷ್ಟು ದೊಡ್ಡ ಭಯವನ್ನು ಒಬ್ಬಳೇ ಒಂದು ವಾರ ಹೊತ್ತಿದ್ದಳು, ಯಾಕೆಂದರೆ ನನ್ನ ಭಯ ಅವಳದ್ದಕ್ಕಿಂತ ದೊಡ್ಡದಾಗಿ ಮನೆಯ ತುಂಬ ಕುಳಿತಿತ್ತು. ನನ್ನ ಕಥೆಗಳ ಗ್ರಹಗಳು ಯಾವಾಗಲೂ ಮನುಷ್ಯರಿಗಾಗಿಯೇ ಬಾಯ್ತೆರೆದು ಕಾಯುತ್ತಿರುತ್ತವೆ. ಅದೂ ಒಂದು ಬಗೆಯ ಜಂಬವೇ ಇರಬೇಕು. ನಿಜವಾದ ಕಾಡಿನ ನಿಜವಾದ ದೊಡ್ಡವರು ನನ್ನ ಮಗಳನ್ನು ನೋಡಿ ಆಕಳಿಸಿ ಎದ್ದು ಹೋಗಿದ್ದರು. ನಾಳೆ ಆಕಳಿಸದೆಯೂ ಇರಬಹುದು, ಅದು ನನಗೆ ಗೊತ್ತಿದೆ. ಆದರೆ ಅವತ್ತು ಆ ಕಟ್ಟೆಯ ಮೇಲೆ ನಾನು ಡಿಪೋದ ಹೆಸರನ್ನು ಮತ್ತೆ ಎತ್ತಲಿಲ್ಲ. “ಎಷ್ಟು ದೊಡ್ಡದಿತ್ತು?” ಎಂದು ಕೇಳಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಪರೀಕ್ಷಿಸಿ ನೋಡಿ, ಆಮೇಲೆ ಹೇಳತೊಡಗಿದಳು. ಅದರ ಮೀಸೆ, ಅದರ ವಾಸನೆ, ಅದು ಹಳ್ಳಕ್ಕಿಳಿದಾಗ ಕಲ್ಲೊಂದು ಉರುಳಿದ ಸದ್ದು. ಹೇಳಿದಷ್ಟೂ ಅವಳ ಹೆಗಲು ಸಡಿಲವಾಗುತ್ತಿತ್ತು. ನಾನು ನಡುವೆ ಅಯ್ಯೋ ಎನ್ನಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ನಾವು ಹೊರಟೆವು. ಜೂಲಿಯಾನಾ ಬಾಯಾರು ರೋಹಿಣಿಗೆ ಒಂದು ಮಾತು ಹೇಳಿದರು: ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸುವಾಗ ದೊಡ್ಡವರಿಗೆ ಕಾಲೆಷ್ಟು ಎಂಬುದನ್ನೂ ಕೂಡಿಸಿ ಕಳಿಸು, ಲೆಕ್ಕ ಸ್ಪಷ್ಟವಿರುತ್ತದೆ. ಎಲ್ಲರೂ ನಕ್ಕೆವು. ಬಸ್ಸು ಹೊರಟಾಗ ಅವಳು ಕೋಲು ಹಿಡಿದು ಗದ್ದೆಯ ಬದುವಿನ ಮೇಲೆ ಕಾಡಿನ ಕಡೆ ನಡೆಯುತ್ತಿದ್ದಳು. ನಾನು ಕುತ್ತಿಗೆ ಹೊರಳುವಷ್ಟು ಹೊತ್ತೂ ನೋಡಿದೆ.

ಆಮೇಲಿನ ವಾರಗಳಲ್ಲಿ ಬರೇ ಆರಾಮದ ಸುದ್ದಿ ಬರುತ್ತಿತ್ತು, ಮತ್ತು ನನಗೆ ಆ ಆರಾಮದ ಮೇಲೆ ನಂಬಿಕೆಯಿರಲಿಲ್ಲ. ಇವಳು ಮತ್ತೆ ಮುಚ್ಚಿಡುತ್ತಿರಬಹುದೇ ಎಂದು ಖಾಲಿ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಜನರ ನಡುವೆ ನಿಂತಿದ್ದಾಗ ಕಂಡಕ್ಟರ್ ಬಾಗಿಲಲ್ಲೇ ನಿಂತು ಕೂಗಿದ: “ಬಾಯಾರ, ನಾಕ ಕಾಲಿನ ದೊಡ್ಡಾವ್ರು ಬಂದಿದ್ರಂತ್ರಿ. ಭಾಳ ಸನೇದಿಂದ ಹೋದ್ರಂತ. ಮಗಳಿಗೆ ಅಂಜಿಕಿ ಬಂದಿತ್ತಂತ, ಹೇಳ್ರಿ ಅಂದಾಳ.” ಸುತ್ತಲಿನವರು ಏನೂ ತಿಳಿಯದೆ ನೋಡುತ್ತಿದ್ದರು. ನಾನು ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಕುಳಿತೆ. ಎಂಥ ಭಯವದು! ಆದರೆ ಮಗಳು ಅದನ್ನು ನನ್ನ ಕೈಗೆ ಕೊಟ್ಟು ಕಳಿಸಿದ್ದಳು.